ಡಿಸ್ಕಿನ ದನಿ ಎಲ್ಲಿ ಬಿಚ್ಚಿಕೊಳ್ಳಬೇಕು?

ಮನೆಯಲ್ಲಿ ಹೋಮ್ ಥಿಯೇಟರ್ ಮಾಡಿಕೊಳ್ಳುವವರು ಟಿವಿ ಎಷ್ಟು ಇಂಚಿನದಿರಬೇಕು ಎಂದು ವಾರಗಟ್ಟಲೆ ವಿಚಾರಿಸುತ್ತಾರೆ, ಸ್ಪೀಕರ್‌ಗಳ ವ್ಯಾಟ್ ಹೋಲಿಸಿ ನೋಡುತ್ತಾರೆ. ಡಿಸ್ಕ್ ಪ್ಲೇಯರ್‌ನಿಂದ ದನಿಯನ್ನು ಯಾವ ದಾರಿಯಲ್ಲಿ ಹೊರಗೆ ತರಬೇಕು ಎಂಬುದನ್ನು ಮಾತ್ರ ಡಬ್ಬದೊಳಗೆ ಸಿಕ್ಕಿದ ವೈರಿಗೆ ಬಿಟ್ಟುಬಿಡುತ್ತಾರೆ. ಪ್ಲೇಯರ್‌ನ ಹಿಂಬದಿಯಲ್ಲಿ ಕೆಂಪು-ಬಿಳಿ ಪಿನ್ನಿನ ಜೋಡಿ, ಕೆಲವದರಲ್ಲಿ ಆರು ಪಿನ್ನುಗಳ ಸಾಲು, ಕಿತ್ತಳೆ ಬಣ್ಣದ ಕೋಯಾಕ್ಸಿಯಲ್, ಕೆಂಪು ಬೆಳಕು ಸೂಸುವ ಆಪ್ಟಿಕಲ್, ಎಚ್‌ಡಿಎಂಐ, ಹೀಗೆ ಹಲವು ಸಾಕೆಟ್‌ಗಳಿರುತ್ತವೆ. ಎಲ್ಲದರಿಂದಲೂ ದನಿ ಬರುತ್ತದೆ. ತೊಂದರೆ ಇರುವುದೇ ಅಲ್ಲಿ. ದನಿ ಬಂತೆಂದರೆ ಎಲ್ಲವೂ ಸರಿಯಿದೆ ಎಂದುಕೊಂಡು, ಡಿಸ್ಕಿನಲ್ಲಿದ್ದದ್ದನ್ನು ಪೂರ್ತಿ ಕೇಳದೆಯೇ ವರ್ಷಗಟ್ಟಲೆ ಸಿನಿಮಾ ನೋಡುವ ಮನೆಗಳು ಬಹಳ.

ಯಾವ ಕೇಬಲ್ ಒಳ್ಳೆಯದು ಎಂಬ ಪ್ರಶ್ನೆಯಿಂದ ಶುರುಮಾಡಿದರೆ ಸರಿಯಾದ ಉತ್ತರ ಸಿಗುವುದಿಲ್ಲ ಎಂಬುದು ನನ್ನ ವಾದ. ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆ: ಡಿಸ್ಕಿನಲ್ಲಿ ಮಡಚಿಟ್ಟ ದನಿಯನ್ನು ಬಿಚ್ಚುವ ಕೆಲಸ ಯಾವ ಪೆಟ್ಟಿಗೆಯದು? ಪ್ಲೇಯರ್‌ನದೇ, ಟಿವಿಯದೇ, ಸ್ಪೀಕರ್‌ಗಳನ್ನು ನಡೆಸುವ ರಿಸೀವರ್‌ನದೇ? ಅದು ನಿಶ್ಚಯವಾದರೆ ವೈರು ಯಾವುದೆಂಬುದು ತಾನಾಗಿ ಗೊತ್ತಾಗುತ್ತದೆ. ಆ ಕೆಲಸ ಬಹುಮಟ್ಟಿಗೆ ಸ್ಪೀಕರ್‌ಗಳಿಗೆ ಹತ್ತಿರವಿರುವ, ಕೋಣೆಯ ಅಳತೆ ಗೊತ್ತಿರುವ ಪೆಟ್ಟಿಗೆಗೇ ಸೇರಬೇಕು ಎಂಬುದನ್ನು ಮುಂದೆ ತೋರಿಸುತ್ತೇನೆ.

ದನಿಯನ್ನು ಮಡಚಿಡುವ ಅಗತ್ಯ ಯಾಕೆ ಬಂತು ಎಂಬುದನ್ನು ಒಂದು ಲೆಕ್ಕದಿಂದ ನೋಡಬಹುದು. 5.1 ಎಂದರೆ ಮುಂದೆ ಎಡ, ನಡು, ಬಲ, ಪಕ್ಕದಲ್ಲಿ ಎರಡು, ಗುಡುಗು, ಸ್ಫೋಟದಂಥ ತಳಮಟ್ಟದ ಸದ್ದಿಗೆಂದೇ ಒಂದು, ಒಟ್ಟು ಆರು ಚಾನೆಲ್. ಪ್ರತಿ ಚಾನೆಲ್ಲನ್ನೂ ಸೆಕೆಂಡಿಗೆ 48,000 ಸಲ ಅಳೆದು, ಪ್ರತಿ ಅಳತೆಯನ್ನೂ 24 ಬಿಟ್‌ಗಳಲ್ಲಿ ಬರೆದರೆ ಸೆಕೆಂಡಿಗೆ 69 ಲಕ್ಷ ಬಿಟ್ ಆಗುತ್ತದೆ. ಎರಡೂವರೆ ಗಂಟೆಯ ಸಿನಿಮಾಕ್ಕೆ ಇದು ಸುಮಾರು 7.8 ಗಿಗಾಬೈಟ್. ಎರಡು ಪದರದ ಡಿವಿಡಿ ಹಿಡಿಯುವುದೇ 8.5 ಗಿಗಾಬೈಟ್. ದನಿಯನ್ನು ಹಾಗೇ ಬರೆದರೆ ಚಿತ್ರಕ್ಕೆ ಜಾಗವೇ ಉಳಿಯುವುದಿಲ್ಲ. ಅದಕ್ಕಾಗಿ ಡಿವಿಡಿಯಲ್ಲಿ ಡಾಲ್ಬಿ ಡಿಜಿಟಲ್ ಇದೇ ಆರು ಚಾನೆಲ್ಲನ್ನು ಹೆಚ್ಚೆಂದರೆ ಸೆಕೆಂಡಿಗೆ 4.48 ಲಕ್ಷ ಬಿಟ್‌ಗೆ ಇಳಿಸಿತು. ಎಂದರೆ ಹದಿನೈದರಲ್ಲಿ ಒಂದು ಪಾಲು. ಕಿವಿ ಗುರುತಿಸಲಾರದು ಎಂದು ಲೆಕ್ಕ ಹಾಕಿದ ಭಾಗವನ್ನು ಬಿಟ್ಟು ಉಳಿದದ್ದನ್ನು ಇಟ್ಟುಕೊಳ್ಳುವ ವಿದ್ಯೆ ಇದು. ಇಂಥದೇ ಇನ್ನೊಂದು ಬಗೆಯಾದ ಡಿಟಿಎಸ್ ಹೆಚ್ಚೆಂದರೆ 15 ಲಕ್ಷ ಬಿಟ್ ಬಳಸಿಕೊಂಡಿತು. ಎರಡರಲ್ಲೂ ಒಮ್ಮೆ ಬಿಟ್ಟದ್ದು ಮರಳಿ ಬರುವುದಿಲ್ಲ.

2006ರಲ್ಲಿ ಬಂದ ಬ್ಲೂ-ರೇ ಡಿಸ್ಕಿನಲ್ಲಿ 25, ಎರಡು ಪದರವಿದ್ದರೆ 50 ಗಿಗಾಬೈಟ್ ಜಾಗ ಸಿಕ್ಕಿತು. ಆಗ ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೊ ಎಂಬ ಎರಡು ಹೊಸ ಬಗೆಗಳು ಬಳಕೆಗೆ ಬಂದವು. ರೇಷ್ಮೆ ಸೀರೆಯನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟಂತೆ ಇವು: ಜಾಗ ಕಡಿಮೆ ಹಿಡಿಯುತ್ತವೆ, ಬಿಚ್ಚಿದರೆ ಒಂದು ಎಳೆಯೂ ಹೋಗಿರುವುದಿಲ್ಲ. ಸ್ಟುಡಿಯೊದಲ್ಲಿ ಡಿಸ್ಕಿಗೆಂದು ಸಿದ್ಧಪಡಿಸಿದ ದನಿ ಬಿಟ್‌ಗೆ ಬಿಟ್ ಮನೆಗೆ ಬರುತ್ತದೆ. ಹಾಗೆ ಬಂದದ್ದು ಸ್ಪೀಕರ್‌ವರೆಗೂ ತಲುಪುತ್ತದೆಯೇ ಎಂಬುದನ್ನು ತೀರ್ಮಾನಿಸುವುದು ನಾವು ಚುಚ್ಚುವ ವೈರು.

ಡಿಸ್ಕಿನಿಂದ ಸ್ಪೀಕರ್‌ವರೆಗೆ ನಾಲ್ಕು ಕೆಲಸ ನಡೆಯಬೇಕು. ಬಿಟ್‌ಗಳನ್ನು ಓದುವುದು ಮೊದಲನೆಯದು. ಮಡಚಿದ್ದನ್ನು ಬಿಚ್ಚಿ ಚಾನೆಲ್‌ಗಳಾಗಿ ಬೇರ್ಪಡಿಸುವುದು ಎರಡನೆಯದು. ಪ್ರತಿ ಚಾನೆಲ್ಲನ್ನೂ ಕೋಣೆಗೆ ಹೊಂದಿಸುವುದು ಮೂರನೆಯದು. ಅಂಕಿಗಳನ್ನು ವಿದ್ಯುತ್ತಿನ ಅಲೆಗಳಾಗಿ ಮಾರ್ಪಡಿಸುವುದು ಕೊನೆಯದು. ಓದುವುದು ಪ್ಲೇಯರ್‌ನ ಕೆಲಸವೇ, ಅದರಲ್ಲಿ ಮಾತಿಲ್ಲ. ಉಳಿದ ಮೂರನ್ನು ಯಾರು ಮಾಡಬೇಕು ಎಂಬುದೇ ಆಯ್ಕೆ. ಇವುಗಳಲ್ಲಿ ನಾವು ಅತಿ ಕಡಿಮೆ ಗಮನ ಕೊಡುವುದು ಕೋಣೆಗೆ ಹೊಂದಿಸುವ ಮೂರನೆಯ ಕೆಲಸಕ್ಕೆ. ದನಿ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಪಕ್ಕದ ಸ್ಪೀಕರ್ ಮುಂದಿನದಕ್ಕಿಂತ 1.7 ಮೀಟರ್ ಹತ್ತಿರವಿದ್ದರೆ ಅದರ ದನಿಯನ್ನು 5 ಮಿಲಿಸೆಕೆಂಡ್ ತಡೆದು ಬಿಡಬೇಕು. ಇಲ್ಲದಿದ್ದರೆ ಎದುರಿನಿಂದ ಬರಬೇಕಾದ ಮಳೆಯ ಸದ್ದು ಪಕ್ಕಕ್ಕೆ ಸರಿಯುತ್ತದೆ. ಚಿಕ್ಕ ಸ್ಪೀಕರ್‌ಗಳು ತಾಳಲಾರದ ತಳಸ್ವರವನ್ನು, ಸಾಮಾನ್ಯವಾಗಿ 80 ಹರ್ಟ್ಸ್‌ಗಿಂತ ಕೆಳಗಿನದನ್ನು, ಸಬ್ ವೂಫರ್‌ಗೆ ತಿರುಗಿಸಬೇಕು. ಇದೆಲ್ಲ ಚೆನ್ನಾಗಿ ಆಗುವುದು ರಿಸೀವರ್‌ನಲ್ಲಿ; ಅದರಲ್ಲೂ ಮೈಕ್ ಇಟ್ಟು ಕೋಣೆಯನ್ನು ತಾನೇ ಅಳೆದುಕೊಳ್ಳುವಂಥದ್ದರಲ್ಲಿ.

ಈಗ ಒಂದೊಂದೇ ದಾರಿಯನ್ನು ಈ ಕಣ್ಣಿನಿಂದ ನೋಡೋಣ. ಕೆಂಪು-ಬಿಳಿ ಪಿನ್ನಿನ ಜೋಡಿಯಲ್ಲಿ ಬಿಚ್ಚುವುದೂ ಅಲೆಯಾಗಿಸುವುದೂ ಪ್ಲೇಯರ್‌ನಲ್ಲೇ ಮುಗಿದುಹೋಗುತ್ತದೆ. ಹೊರಗೆ ಬರುವುದು ಎರಡೇ ಚಾನೆಲ್. ಆರನ್ನು ಎರಡಕ್ಕೆ ಇಳಿಸುವಾಗ ನಡುವಿನದನ್ನೂ ಪಕ್ಕದವನ್ನೂ ಎಡಬಲಕ್ಕೆ ಬೆರೆಸುತ್ತಾರೆ. ತಳಸ್ವರದ ಆರನೆಯ ಚಾನೆಲ್ಲನ್ನು ಸಾಮಾನ್ಯವಾಗಿ ಕೈಬಿಡುತ್ತಾರೆ. ಡಿವಿಡಿ ಕಾಲದಲ್ಲಿ ನಮ್ಮಲ್ಲಿ ಬಹಳ ಮಾರಾಟವಾದ 5.1 ಸ್ಪೀಕರ್ ಸೆಟ್‌ಗಳನ್ನು ಎಷ್ಟೋ ಮನೆಗಳಲ್ಲಿ ಈ ಎರಡು ಪಿನ್ನಿಗೇ ಜೋಡಿಸಿದ್ದರು. ಐದೂ ಸ್ಪೀಕರ್ ಸದ್ದು ಮಾಡುತ್ತಿದ್ದವು, ವೂಫರ್ ಗುದ್ದುತ್ತಿತ್ತು. ಆದರೆ ಕೇಳುತ್ತಿದ್ದದ್ದು ಎರಡು ಚಾನೆಲ್ಲನ್ನೇ ಆರು ಕಡೆ ಹಂಚಿದ ದನಿ. ಹಿಂದಿನಿಂದ ಬರಬೇಕಾದ ಹೆಜ್ಜೆಸಪ್ಪಳ ಹಿಂದಿನಿಂದಲೇ ಬರಬೇಕೆಂದು ಸ್ಟುಡಿಯೊದಲ್ಲಿ ಕೂತು ಹೊಂದಿಸಿದವರ ಶ್ರಮ ಆ ಎರಡು ಪಿನ್ನಿನಲ್ಲಿ ಕರಗಿಹೋಗಿತ್ತು.

ಹಾಗೆಂದು ಈ ಜೋಡಿಯನ್ನು ಎಲ್ಲ ಕಡೆಯೂ ತಳ್ಳಿಹಾಕುವಂತಿಲ್ಲ. ಸಿಡಿಯಲ್ಲಿರುವುದೇ ಎರಡು ಚಾನೆಲ್. ವಿಸಿಡಿಯಲ್ಲೂ ಎರಡೇ, ಅದೂ ಸೆಕೆಂಡಿಗೆ 2.24 ಲಕ್ಷ ಬಿಟ್‌ಗೆ ಇಳಿಸಿದ್ದು. 1972ರ ‘ಬಂಗಾರದ ಮನುಷ್ಯ’ದಂಥ ಚಿತ್ರದ ಮೂಲ ದನಿಯಂತೂ ಒಂದೇ ಚಾನೆಲ್ಲಿನದು. ಆ ಕಾಲದ ಚಿತ್ರದ ಡಿಸ್ಕಿನ ಮೇಲೆ 5.1 ಎಂಬ ಬರಹವಿದ್ದರೆ ಅದು ಆಮೇಲೆ ಹರಡಿದ್ದು. ಇಂಥವನ್ನೇ ಹೆಚ್ಚಾಗಿ ಕೇಳುವವರಿಗೆ, ಒಳ್ಳೆಯ ಎರಡು ಸ್ಪೀಕರ್ ಇರುವವರಿಗೆ ಕೆಂಪು-ಬಿಳಿ ಜೋಡಿ ಏನನ್ನೂ ಕಸಿಯುವುದಿಲ್ಲ. ಸಾಧನಕ್ಕಿಂತ ಮೊದಲು ಕಪಾಟಿನಲ್ಲಿರುವ ಡಿಸ್ಕುಗಳನ್ನು ನೋಡಬೇಕು ಎನ್ನುವುದು ಇದಕ್ಕೇ.

ಆರು ಪಿನ್ನಿನ ದಾರಿ ಇದಕ್ಕಿಂತ ಉದಾರವಾದದ್ದು. ಪ್ಲೇಯರ್ ಎಲ್ಲವನ್ನೂ ಬಿಚ್ಚಿ ಆರನ್ನೂ ಬೇರೆಬೇರೆಯಾಗಿ ಅಲೆಗಳಾಗಿಸಿ ಕಳಿಸುತ್ತದೆ. ಹಳೆಯ ಆಂಪ್ಲಿಫೈಯರ್‌ಗೆ ಹೊಸ ಡಿಸ್ಕಿನ ದನಿಯನ್ನು ತಲುಪಿಸಲು ಬಹುಕಾಲ ಇದ್ದ ಉತ್ತಮ ದಾರಿ ಇದೇ. ಆದರೆ ಕೋಣೆಗೆ ಹೊಂದಿಸುವ ಕೆಲಸ ಆಗ ಪ್ಲೇಯರ್‌ನ ಪಾಲಿಗೆ ಬರುತ್ತದೆ, ಪ್ಲೇಯರ್‌ಗೆ ಕೋಣೆಯ ಪರಿಚಯ ಕಡಿಮೆ. ಹಲವು ರಿಸೀವರ್‌ಗಳು ಈ ಸಾಕೆಟ್ಟಿಗೆ ಬಂದದ್ದನ್ನು ಹೊಂದಿಸಲು ಹೋಗದೆ ಹಾಗೇ ಸ್ಪೀಕರ್‌ಗೆ ಕೊಡುತ್ತವೆ. ತಳಸ್ವರದ ಚಾನೆಲ್ಲನ್ನು ನುಡಿಸುವಾಗ 10 ಡೆಸಿಬೆಲ್ ಏರಿಸಿಕೊಳ್ಳಬೇಕೆಂಬುದು ಪದ್ಧತಿ. ಆ ಏರಿಕೆ ಈ ದಾರಿಯಲ್ಲಿ ಕೆಲವೊಮ್ಮೆ ತಪ್ಪಿಹೋಗಿ ಬೇಸ್ ಸೊರಗುತ್ತದೆ. ಆರು ಪಿನ್ ಬಳಸುವವರು ಪ್ಲೇಯರ್‌ನ ಸ್ಪೀಕರ್ ಸೆಟಪ್ಪಿಗೆ ಹೋಗಿ ದೂರ, ಮಟ್ಟ ಎರಡನ್ನೂ ತಾವೇ ತುಂಬಬೇಕು.

ಆಪ್ಟಿಕಲ್, ಕೋಯಾಕ್ಸಿಯಲ್ ಎರಡರಲ್ಲೂ ಹರಿಯುವುದು ಒಂದೇ ಅಂಕಿಗಳು. ಒಂದರಲ್ಲಿ ಬೆಳಕಾಗಿ, ಇನ್ನೊಂದರಲ್ಲಿ ವಿದ್ಯುತ್ತಾಗಿ. ಸೋನಿ, ಫಿಲಿಪ್ಸ್ ಕಂಪನಿಗಳು ಈ ಏರ್ಪಾಟನ್ನು ಮಾಡಿದ್ದು ಸಿಡಿ ಕಾಲದಲ್ಲಿ. ಅದರ ಬೆಳಕಿನ ರೂಪ ತೋಷಿಬಾದಿಂದ 1983ರಲ್ಲಿ ಬಂತು. ಎರಡು ಚಾನೆಲ್, ತಲಾ 16 ಬಿಟ್, ಸೆಕೆಂಡಿಗೆ 48,000 ಅಳತೆ ಎಂದರೆ 15.36 ಲಕ್ಷ ಬಿಟ್. ಸಿನಿಮಾದ ಮಡಚಿದ ದನಿ ಹೋಗುವುದೂ ಈ ಜಾಗದಲ್ಲೇ. ಡಿಟಿಎಸ್ 15 ಲಕ್ಷದ ಹತ್ತಿರ ಬಂದು ನಿಲ್ಲುವುದು ಈ ಅಳತೆಯೊಳಗೆ ಹಿಡಿಯುವಂತೆಯೇ ಇದೆ. ಬಿಚ್ಚಿದ ಆರು ಚಾನೆಲ್ಲಿನ 69 ಲಕ್ಷ ಬಿಟ್ ಇಲ್ಲಿ ತೂರುವುದಿಲ್ಲ. ಟ್ರೂಎಚ್‌ಡಿ, ಮಾಸ್ಟರ್ ಆಡಿಯೊ ಸಹ ತೂರುವುದಿಲ್ಲ.

ಹಾಗಿದ್ದರೆ ಆಪ್ಟಿಕಲ್ ಮಾತ್ರ ಇರುವ ಹಳೆಯ ರಿಸೀವರನ್ನು ಗುಜರಿಗೆ ಹಾಕಬೇಕೇ? ಬೇಡವೇ ಬೇಡ. ಬ್ಲೂ-ರೇ ಡಿಸ್ಕಿನಲ್ಲಿ ಟ್ರೂಎಚ್‌ಡಿ ಜೊತೆಗೆ ಮಾಮೂಲಿ ಡಾಲ್ಬಿ ಡಿಜಿಟಲ್ ಕೂಡ ಇರುತ್ತದೆ, ಸೆಕೆಂಡಿಗೆ 6.4 ಲಕ್ಷ ಬಿಟ್‌ವರೆಗೆ. ಮಾಸ್ಟರ್ ಆಡಿಯೊದ ಹೊಟ್ಟೆಯಲ್ಲೇ ಮಾಮೂಲಿ ಡಿಟಿಎಸ್ ಇರುತ್ತದೆ. ಆಪ್ಟಿಕಲ್ ವೈರಿಗೆ ಪ್ಲೇಯರ್ ಇವನ್ನು ಕಳಿಸುತ್ತದೆ. ಡಿವಿಡಿಯಲ್ಲಿ ಸಿಗುತ್ತಿದ್ದದ್ದಕ್ಕಿಂತ ಇದು ಕಡಿಮೆಯದಲ್ಲ, ಅನೇಕ ಸಲ ಮೇಲು. ಬಿಚ್ಚುವ ಕೆಲಸ ರಿಸೀವರ್‌ನಲ್ಲೇ ಆಗುವುದರಿಂದ ಕೋಣೆಗೂ ಹೊಂದುತ್ತದೆ. ಪ್ಲೇಯರ್‌ನ ಸೆಟಪ್ಪಿನಲ್ಲಿ ಡಿಜಿಟಲ್ ಔಟ್‌ಪುಟ್ ಎಂಬುದನ್ನು ಪಿಸಿಎಂನಿಂದ, ಎಂದರೆ ಬಿಚ್ಚಿದ ಅಂಕಿಗಳಿಂದ, ಮಡಚಿದಂತೆಯೇ ಕಳಿಸುವ ಬಿಟ್‌ಸ್ಟ್ರೀಮ್‌ಗೆ ಬದಲಿಸಲು ಮರೆಯಬಾರದು. ಪಿಸಿಎಂನಲ್ಲೇ ಬಿಟ್ಟರೆ ಆಪ್ಟಿಕಲ್‌ನಿಂದ ಬರುವುದು ಮತ್ತೆ ಎರಡೇ ಚಾನೆಲ್. ನಮ್ಮ ಮನೆಗಳಿಗೆ ಆಪ್ಟಿಕಲ್‌ನ ಇನ್ನೊಂದು ಉಪಕಾರವೂ ಇದೆ. ಕೇಬಲ್ ಟಿವಿಯ ವೈರಿನ ಅರ್ಥಿಂಗ್ ಒಂದು ಕಡೆ, ಮನೆಯ ಅರ್ಥಿಂಗ್ ಇನ್ನೊಂದು ಕಡೆ ಇದ್ದು, ಸ್ಪೀಕರ್‌ನಲ್ಲಿ 50 ಹರ್ಟ್ಸ್‌ನ ಗುಂಯ್‌ಗುಡುವಿಕೆ ಬಿಡದೆ ಕಾಡುವುದುಂಟು. ಬೆಳಕಿನ ವೈರು ಎರಡು ಪೆಟ್ಟಿಗೆಗಳ ನಡುವೆ ವಿದ್ಯುತ್ತಿನ ಸಂಬಂಧವನ್ನೇ ಇಟ್ಟುಕೊಳ್ಳದ ಕಾರಣ ಆ ದಾರಿಯಿಂದ ಗುಂಯ್‌ಗುಡುವಿಕೆ ಒಳಬರುವುದಿಲ್ಲ.

ಎಲ್ಲ ಮಿತಿಗಳೂ ತಂತ್ರಜ್ಞಾನದವಲ್ಲ ಎಂಬುದನ್ನೂ ಹೇಳಬೇಕು. 1999ರಲ್ಲಿ ಸೂಪರ್ ಆಡಿಯೊ ಸಿಡಿ, 2000ದಲ್ಲಿ ಡಿವಿಡಿ-ಆಡಿಯೊ ಬಂದಾಗ ಅವುಗಳ ಪೂರ್ಣ ಗುಣದ ಅಂಕಿಗಳು ಆಪ್ಟಿಕಲ್ ದಾರಿಯಲ್ಲಿ ಹೊರಬರದಂತೆ ಮಾಡಿದರು. ಜನ ನಕಲು ಮಾಡಿಕೊಂಡಾರು ಎಂಬ ಭಯ ಹಕ್ಕುದಾರರಿಗೆ. ದುಡ್ಡು ಕೊಟ್ಟು ಡಿಸ್ಕು ತಂದ ಸಂಗೀತಪ್ರೇಮಿ ಆರು ಅನಲಾಗ್ ವೈರು ಎಳೆಯಬೇಕಾಯಿತು. ಪ್ರಾಮಾಣಿಕವಾಗಿ ಕೊಂಡವನ ದಾರಿಗೆ ಅಡ್ಡಗಟ್ಟೆ ಹಾಕುವ ಈ ನೀತಿ ನ್ಯಾಯವಾದದ್ದಲ್ಲ. ಆ ಎರಡು ಬಗೆಯ ಡಿಸ್ಕುಗಳು ಜನರ ನಡುವೆ ಹರಡದೆ ಹೋದದ್ದಕ್ಕೆ ಈ ತೊಡಕೂ ಒಂದು ಕಾರಣ ಎಂದೇ ನಾನು ತಿಳಿಯುತ್ತೇನೆ.

ಎಚ್‌ಡಿಎಂಐ 2002ರ ಕೊನೆಯಲ್ಲಿ ಬಂತು. ಅದರ ಮೊದಲ ಆವೃತ್ತಿಯಲ್ಲೇ ಎಂಟು ಚಾನೆಲ್ ಪಿಸಿಎಂ ಹರಿಯಲು ಜಾಗವಿತ್ತು. ನಕಲು ತಡೆಯುವ ಬೀಗವೂ ಜೊತೆಗಿದ್ದುದರಿಂದ ಹಕ್ಕುದಾರರು ಒಪ್ಪಿದರು. 2005ರ 1.2 ಆವೃತ್ತಿ ಸೂಪರ್ ಆಡಿಯೊ ಸಿಡಿಯ ದನಿಯನ್ನೂ, 2006ರ 1.3 ಆವೃತ್ತಿ ಟ್ರೂಎಚ್‌ಡಿ, ಮಾಸ್ಟರ್ ಆಡಿಯೊಗಳನ್ನು ಮಡಚಿದ ರೂಪದಲ್ಲೇ ಸಾಗಿಸುವುದನ್ನೂ ಸೇರಿಸಿದವು. ಇಂದು ಹೊಸದಾಗಿ ಕೊಳ್ಳುವವರಿಗೆ ಇದೇ ಸರಿಯಾದ ದಾರಿ. ಆದರೆ ಎಚ್‌ಡಿಎಂಐ ಚುಚ್ಚಿದೊಡನೆ ಯೋಚನೆ ಮುಗಿಯುವುದಿಲ್ಲ. ಬಿಚ್ಚುವವರು ಯಾರು ಎಂಬ ಪ್ರಶ್ನೆ ಇಲ್ಲೂ ಇದೆ. ಪ್ಲೇಯರೇ ಬಿಚ್ಚಿ ಪಿಸಿಎಂ ಆಗಿ ಕಳಿಸಿದರೂ ಈ ಎರಡು ಬಗೆಗಳಲ್ಲಿ ಒಂದು ಬಿಟ್ಟೂ ಕಳೆಯುವುದಿಲ್ಲ. ಹೊಂದಿಸುವ ಕೆಲಸ ಹೇಗೂ ರಿಸೀವರ್‌ನಲ್ಲೇ ಉಳಿಯುತ್ತದೆ. ಆದ್ದರಿಂದ ಟ್ರೂಎಚ್‌ಡಿ ಬಿಚ್ಚಲು ಬಾರದ ಹಳೆಯ ಎಚ್‌ಡಿಎಂಐ ರಿಸೀವರ್, ಹಲವು ಚಾನೆಲ್ಲಿನ ಪಿಸಿಎಂ ಒಪ್ಪಿಕೊಳ್ಳುವಂಥದ್ದಾದರೆ, ಅದನ್ನು ಬದಲಿಸಬೇಕಿಲ್ಲ.

ಅಟ್ಮಾಸ್ ವಿಷಯ ಬೇರೆ. 2012ರಲ್ಲಿ ಚಿತ್ರಮಂದಿರಕ್ಕೆ, 2014ರಲ್ಲಿ ಮನೆಗೆ ಬಂದ ಡಾಲ್ಬಿ ಅಟ್ಮಾಸ್‌ನಲ್ಲಿ ಚಾನೆಲ್‌ಗಳ ಜೊತೆಗೆ ‘ಈ ಸದ್ದು ಕೋಣೆಯ ಈ ಜಾಗದಲ್ಲಿ, ಇಷ್ಟು ಎತ್ತರದಲ್ಲಿ’ ಎಂಬ ಸೂಚನೆಗಳೂ ಇರುತ್ತವೆ. ಆ ಸೂಚನೆಯನ್ನು ನಿಮ್ಮ ಮನೆಯ ಸ್ಪೀಕರ್‌ಗಳಿಗೆ ತಕ್ಕಂತೆ ಅರ್ಥಮಾಡಿಕೊಳ್ಳಬಲ್ಲದ್ದು ಅವುಗಳ ಲೆಕ್ಕ ಗೊತ್ತಿರುವ ರಿಸೀವರ್ ಒಂದೇ. ಪ್ಲೇಯರ್ ಬಿಚ್ಚಿದರೆ ಸೂಚನೆಗಳು ಅಲ್ಲೇ ಬಿದ್ದುಹೋಗುತ್ತವೆ. ಇಲ್ಲಿ ಬಿಟ್‌ಸ್ಟ್ರೀಮ್ ಕಡ್ಡಾಯ. ಬ್ಲೂ-ರೇ ಪ್ಲೇಯರ್‌ನಲ್ಲಿ ‘ಬಿಡಿ ಆಡಿಯೊ ಮಿಕ್ಸ್’ ಎಂಬ, ಅಥವಾ ಅಂಥದೇ ಹೆಸರಿನ ಆಯ್ಕೆ ಇದ್ದರೆ ಅದನ್ನೂ ಆಫ್ ಮಾಡಬೇಕು. ಮೆನುವಿನ ಟಿಕ್‌ಟಿಕ್ ಸದ್ದನ್ನೂ ನಿರ್ದೇಶಕರ ವಿವರಣೆಯನ್ನೂ ಬೆರೆಸಲೆಂದು ಪ್ಲೇಯರ್ ದನಿಯನ್ನು ಬಿಚ್ಚಿ ಮತ್ತೆ ಕೆಳದರ್ಜೆಯಲ್ಲಿ ಮಡಚುತ್ತದೆ. ಒಂದು ಟಿಕ್ ಸದ್ದಿಗಾಗಿ ಇಡೀ ಅಟ್ಮಾಸ್ ಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚು ನಷ್ಟ ಮಾಡುವ ಜೋಡಣೆ ಟಿವಿಯನ್ನು ನಡುವೆ ಕೂರಿಸುವುದು. ಪ್ಲೇಯರ್‌ನಿಂದ ಟಿವಿಗೆ ಎಚ್‌ಡಿಎಂಐ, ಟಿವಿಯಿಂದ ಸೌಂಡ್‌ಬಾರ್‌ಗೆ ಆಪ್ಟಿಕಲ್: ನೋಡಲು ಅಚ್ಚುಕಟ್ಟು. ಎಷ್ಟೋ ಟಿವಿಗಳು ಎಚ್‌ಡಿಎಂಐಯಿಂದ ಬಂದ ದನಿಯನ್ನು ಆಪ್ಟಿಕಲ್‌ಗೆ ಎರಡೇ ಚಾನೆಲ್ ಮಾಡಿ ಬಿಡುತ್ತವೆ. ಕೆಲವು ಡಿಟಿಎಸ್ಸನ್ನು ಒಪ್ಪುವುದೇ ಇಲ್ಲ. ಟಿವಿಯ ದನಿಯನ್ನು ಎಚ್‌ಡಿಎಂಐ ವೈರಿನಲ್ಲೇ ಹಿಂದಕ್ಕೆ ಕಳಿಸುವ 2009ರ ಎಆರ್‌ಸಿ ವ್ಯವಸ್ಥೆಗೂ ಬಹುಮಟ್ಟಿಗೆ ಆಪ್ಟಿಕಲ್‌ನಷ್ಟೇ ಶಕ್ತಿ. 2017ರಲ್ಲಿ ಎಚ್‌ಡಿಎಂಐ 2.1ರ ಜೊತೆ ಬಂದ ಇಎಆರ್‌ಸಿ ಮಾತ್ರ ಸೆಕೆಂಡಿಗೆ 3.7 ಕೋಟಿ ಬಿಟ್ ಸಾಗಿಸಿ ಈ ಕೊರತೆಯನ್ನು ನೀಗಿತು. ಪ್ಲೇಯರನ್ನು ನೇರವಾಗಿ ರಿಸೀವರ್‌ಗೆ, ರಿಸೀವರನ್ನು ಟಿವಿಗೆ ಜೋಡಿಸಿದರೆ ಇವು ಯಾವುದರ ಗೊಡವೆಯೂ ಇಲ್ಲ. ರಿಸೀವರ್ ಹಳೆಯದಾಗಿ 4ಕೆ ಚಿತ್ರವನ್ನು ದಾಟಿಸಲಾರದಿದ್ದರೆ, ಎರಡು ಎಚ್‌ಡಿಎಂಐ ಇರುವ ಪ್ಲೇಯರ್ ಹುಡುಕಬೇಕು: ಒಂದು ಚಿತ್ರಕ್ಕೆ ಟಿವಿಗೆ, ಇನ್ನೊಂದು ದನಿಗೆ ರಿಸೀವರ್‌ಗೆ.

ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ತೂಕವಿರುವುದು ಒಂದು. ದುಬಾರಿ ಪ್ಲೇಯರ್ ಕೊಂಡವರು, ಅಂಕಿಯನ್ನು ಅಲೆಯಾಗಿಸುವ ತಮ್ಮ ಪ್ಲೇಯರ್‌ನ ಚಿಪ್ಪು ರಿಸೀವರ್‌ನದಕ್ಕಿಂತ ಮೇಲು, ಅನಲಾಗ್‌ನಲ್ಲೇ ಸಂಗೀತ ಚೆಂದ ಎನ್ನುತ್ತಾರೆ. ಎರಡು ಚಾನೆಲ್ಲಿನ ಸಂಗೀತದ ಮಟ್ಟಿಗೆ ಇದನ್ನು ಒಪ್ಪಬಹುದು. ಆದರೆ ಅನೇಕ ರಿಸೀವರ್‌ಗಳು ಎರಡು ಪಿನ್ನಿನಲ್ಲಿ ಅನಲಾಗ್ ಆಗಿ ಒಳಬಂದದ್ದನ್ನು ಕೋಣೆಗೆ ಹೊಂದಿಸಲೆಂದು ಮತ್ತೆ ಅಂಕಿಯಾಗಿಸುತ್ತವೆ. ಆಗ ಆ ಚಿಪ್ಪಿಗೆ ಕೊಟ್ಟ ದುಡ್ಡು ವ್ಯರ್ಥ. ಡೈರೆಕ್ಟ್ ಎಂಬ ಆಯ್ಕೆ ಒತ್ತಿ ಆ ಮಾರ್ಪಾಟನ್ನು ತಪ್ಪಿಸಿದರೆ ಮಾತ್ರ ಅದರ ಗುಣ ಕಿವಿಗೆ ತಲುಪೀತು. ಚಿನ್ನದ ಲೇಪದ ಬೆಲೆಬಾಳುವ ಎಚ್‌ಡಿಎಂಐ ಕೇಬಲ್ಲಿನಿಂದ ದನಿ ಸಿಹಿಯಾಗುತ್ತದೆ ಎಂಬ ಮಾತಿಗೆ ಈ ತೂಕವಿಲ್ಲ. ಕೇಬಲ್ ಕೆಟ್ಟದ್ದಾದರೆ ದನಿ ಕಡಿಕಡಿದು ಬರುತ್ತದೆ, ಪರದೆಯಲ್ಲಿ ಚುಕ್ಕಿ ಮಿಂಚುತ್ತವೆ. ಬಿಟ್‌ಗಳು ಸರಿಯಾಗಿ ತಲುಪಿದ ಮೇಲೆ ಹೆಚ್ಚಿನ ಬೆಲೆ ಅವಕ್ಕೆ ಏನನ್ನೂ ಸೇರಿಸಲಾರದು. ಆ ದುಡ್ಡನ್ನು ಸ್ಪೀಕರ್‌ಗೆ ಹಾಕುವುದು ಜಾಣತನ.

ಸ್ಟ್ರೀಮಿಂಗ್ ಕಾಲದಲ್ಲಿ ಡಿಸ್ಕಿನ ಮಾತೇಕೆ ಎಂದು ಕೇಳುವವರೂ ಇದ್ದಾರೆ. ಸ್ಟ್ರೀಮಿಂಗ್ ಸೇವೆಗಳು ಅಟ್ಮಾಸನ್ನು ಸಾಮಾನ್ಯವಾಗಿ ಡಾಲ್ಬಿ ಡಿಜಿಟಲ್ ಪ್ಲಸ್‌ನಲ್ಲಿ, ಎಂದರೆ ಒಂದಷ್ಟನ್ನು ಬಿಟ್ಟು ಮಡಚಿದ ರೂಪದಲ್ಲಿ ಕಳಿಸುತ್ತವೆ. ಡಿಸ್ಕಿನ ಅಟ್ಮಾಸ್ ಬರುವುದು ಏನನ್ನೂ ಬಿಡದ ಟ್ರೂಎಚ್‌ಡಿಯಲ್ಲಿ. ಇವತ್ತಿಗೂ ಡಿಸ್ಕು ಕೊಳ್ಳಲು ಇರುವ ದೊಡ್ಡ ಕಾರಣಗಳಲ್ಲಿ ಇದೊಂದು. ಡಿಸ್ಕು ಕೊಂಡು ತಪ್ಪು ವೈರು ಚುಚ್ಚಿದವರು ಆ ಕಾರಣವನ್ನೇ ಕೈಯಾರೆ ಅಳಿಸಿಬಿಡುತ್ತಾರೆ.

ಇಷ್ಟನ್ನೆಲ್ಲ ತಿಳಿದುಕೊಳ್ಳುವ ಹೊರೆ ಕೊಳ್ಳುವವರ ಮೇಲೆಯೇ ಬಿದ್ದಿರುವುದು ಸರಿಯಲ್ಲ. ನಮ್ಮ ದೇಶದಲ್ಲಿ ಎಲೆಕ್ಟ್ರಾನಿಕ್ ಸರಕುಗಳ ಕಡ್ಡಾಯ ನೋಂದಣಿ ಆದೇಶದ ಪಟ್ಟಿಯಲ್ಲಿ ಆಂಪ್ಲಿಫೈಯರ್ ಒಳಗೊಂಡ, 200 ವ್ಯಾಟ್ ಮತ್ತು ಮೇಲ್ಪಟ್ಟ ಡಿಸ್ಕ್ ಪ್ಲೇಯರ್‌ಗಳೂ ಸೇರಿವೆ. ಆ ನೋಂದಣಿಗೆ ಬೇಕಾದ ಪರೀಕ್ಷೆ ಸುರಕ್ಷತೆಗೆ ಸಂಬಂಧಿಸಿದ್ದು. ಶಾಕ್ ಹೊಡೆಯದ, ಬೆಂಕಿ ಹತ್ತದ ಸಾಧನ ಮನೆಗೆ ಬರಲಿ ಎಂಬುದು ಅದರ ಉದ್ದೇಶ. ಯಾವ ಸಾಕೆಟ್ಟಿನಿಂದ ಎಷ್ಟು ಚಾನೆಲ್ ಹೊರಡುತ್ತವೆ, ಯಾವ ಬಗೆಯ ದನಿ ಮಡಚಿದಂತೆಯೇ ಹೋಗುತ್ತದೆ, ಯಾವುದು ಎರಡಕ್ಕೆ ಇಳಿಯುತ್ತದೆ ಎಂದು ಹೇಳುವ ಹೊಣೆಯನ್ನು ಅದು ಯಾರ ಮೇಲೂ ಹೊರಿಸುವುದಿಲ್ಲ. ಡಬ್ಬದ ಮೇಲೆ 5.1 ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ, ಅದು ಯಾವ ವೈರಿನಲ್ಲಿ ಸಿಗುತ್ತದೆ ಎಂಬುದು ಎಷ್ಟೋ ಸಲ ಕೈಪಿಡಿಯ ಒಳಪುಟದಲ್ಲಿ ಅಡಗಿರುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸರಕಿನ ಗುಣ, ಪ್ರಮಾಣ, ಸಾಮರ್ಥ್ಯ, ದರ್ಜೆ ತಿಳಿದುಕೊಳ್ಳುವುದನ್ನು ಗ್ರಾಹಕರ ಹಕ್ಕು ಎನ್ನುತ್ತದೆ. ಸಾಕೆಟ್ಟಿನ ಸಾಮರ್ಥ್ಯವೂ ಅದರಲ್ಲಿ ಸೇರಬೇಕು. ಪ್ಲೇಯರ್, ಟಿವಿ, ಸೌಂಡ್‌ಬಾರ್ ಮೂರರ ಡಬ್ಬದ ಮೇಲೂ ಪ್ರತಿ ಸಾಕೆಟ್ಟಿನ ಎದುರು ಅದು ಸಾಗಿಸುವ ದನಿಯ ಬಗೆ ಮತ್ತು ಚಾನೆಲ್ಲಿನ ಸಂಖ್ಯೆಯನ್ನು ಕನ್ನಡದಲ್ಲೂ ಅಚ್ಚು ಹಾಕಬೇಕೆಂದು ನಾವು ಕೇಳಬೇಕು. ಅಲ್ಲಿಯವರೆಗೆ ಅಂಗಡಿಗೆ ಹೋದವರು ಕೇಬಲ್ಲಿನ ಬೆಲೆ ವಿಚಾರಿಸುವ ಮುಂಚೆ ಮೂರು ಮಾತು ಕೇಳಲಿ: ನನ್ನ ಡಿಸ್ಕಿನಲ್ಲಿ ಏನಿದೆ, ಅದನ್ನು ಬಿಚ್ಚುವ ಪೆಟ್ಟಿಗೆ ಯಾವುದು, ಇವೆರಡರ ನಡುವೆ ಅದನ್ನು ಪೂರ್ತಿಯಾಗಿ ದಾಟಿಸುವ ವೈರು ಯಾವುದು?